ಹಗೇವಿನ ಬಾಯಿ

ಹಾರೆಯ ಮೊದಲ ಪೆಟ್ಟು ಚಪ್ಪಡಿಯ ಮೇಲೆ ಬಿದ್ದಾಗ ರಂಜಿತ ಅಡುಗೆಮನೆಯಲ್ಲಿ ಹಾಲಿನ ಮುಂದೆ ನಿಂತಿದ್ದಳು. ಹಾಲು ಉಕ್ಕಿತು, ಒಲೆಯ ಮೇಲೆಲ್ಲ ಹರಿಯಿತು, ಇವಳು ಅದನ್ನು ನೋಡುತ್ತಲೇ ಇದ್ದಳು. ಸದ್ದು ಕಿವಿಯಿಂದ ಬಂದಂತಿರಲಿಲ್ಲ, ನೆಲದೊಳಗಿಂದ ಮೈಗೆ ಏರಿದಂತಿತ್ತು. ಅಂಗಳದಲ್ಲಿ ಚಿಕ್ಕಪ್ಪ ರುದ್ರಸ್ವಾಮಿ ಆಳು ಶಿವಮಲ್ಲುವಿಗೆ ಹಾಗೆ ಹೊಡಿ, ಹೀಗೆ ಮೀಟು ಎಂದು ಹೇಳುತ್ತಿದ್ದ. ಹಗೇವಿನ ಬಾಯಿ ಬಿಡಿಸುತ್ತಿದ್ದರು. ಗೆಟ್ಟವಾಡಿಯ ಎಷ್ಟೋ ಮನೆಗಳ ಮುಂದೆ ಒಂದು ಕಾಲಕ್ಕೆ ಇಂಥ ಹಗೇವುಗಳಿದ್ದವು. ನೆಲದೊಳಗೆ ತೋಡಿದ ರಾಗಿಯ ಕಣಜ, ಬಾಯಿ ಮಾತ್ರ ಒಬ್ಬ ಮನುಷ್ಯ ಮೈ ಕುಗ್ಗಿಸಿ ಇಳಿಯುವಷ್ಟು, ಒಳಗೆ ಹೊಟ್ಟೆ ಬಲು ದೊಡ್ಡದು. ಸುಗ್ಗಿಯಲ್ಲಿ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಮುಟ್ಟುತ್ತಿರಲಿಲ್ಲ. ಈ ಮನೆಯದನ್ನು ಮಾತ್ರ ಒಮ್ಮೆ ಮುಚ್ಚಿದವರು ಮತ್ತೆ ತೆರೆದಿರಲಿಲ್ಲ. ಈ ಸಲದ ಮಳೆಗೆ ಅದರ ಮೇಲಿನ ಮಣ್ಣು ಕುಸಿದು, ಕರುವಿನ ಕಾಲು ಸಿಕ್ಕಿ, ಚಿಕ್ಕಪ್ಪನಿಗೆ ತಲೆ ಕೆಟ್ಟು, ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿ ತುಂಬಿಸಿಬಿಡುತ್ತೇನೆ ಎಂದು ಕೂತ. ಅದು ಇವತ್ತು. ರಂಜಿತ ಕಾಲೇಜಿಗೆ ರಜ ಹಾಕಿದ್ದಳು. ತಲೆನೋವು ಎಂದು ಹೇಳಿದ್ದಳು.

ಅವಳ ಅಪ್ಪ ನಂಜುಂಡಸ್ವಾಮಿ ಈ ಹಗೇವಿನಲ್ಲಿ ಸತ್ತದ್ದು. ಗಾಳಿ ಆಡದ ಹಗೇವಿನಲ್ಲಿ ವಿಷಗಾಳಿ ಕೂತಿರುತ್ತದೆ, ಬಾಯಿ ತೆಗೆದು ಒಂದು ಹಗಲಾದರೂ ಬಿಡಬೇಕು, ದೀಪ ಇಳಿಬಿಟ್ಟು ಉರಿಯುತ್ತದೋ ಆರುತ್ತದೋ ನೋಡಬೇಕು. ಇದು ಊರಿನ ಪ್ರತಿಯೊಬ್ಬರಿಗೂ ಗೊತ್ತಿದ್ದ ಸಂಗತಿ. ಅಪ್ಪನಿಗೆ ಗೊತ್ತಿರಲಿಲ್ಲವೇ? ಅವಳಿಗೆ ಆಗ ಇನ್ನೂ ಶಾಲೆಗೆ ಹಾಕದ ವಯಸ್ಸು. ತೆರೆದ ಬಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು, ಕೈಯಲ್ಲಿ ಸ್ಟೀಲು ಲೋಟ. ಒಳಗೆ ಬಿಟ್ಟರೆ ಹೇಗೆ ಸದ್ದು ಬರುತ್ತದೆ ನೋಡೋಣ ಎಂದು ಬಿಟ್ಟಳು. ಸದ್ದೇ ಬರಲಿಲ್ಲ. ಬಾವಿಗೆ ಹಾಕಿದರೆ ಬರುತ್ತದೆ, ನೀರಿನ ಬಾನಿಗೆ ಹಾಕಿದರೆ ಬರುತ್ತದೆ, ಇಲ್ಲಿ ಹಾಕಿದ್ದು ಹೋಗಿಯೇಬಿಟ್ಟಿತು. ಕೆಳಗೆ ರಾಗಿ ಇತ್ತು, ಅದಕ್ಕೆ ಸದ್ದಿಲ್ಲ ಎಂಬುದು ಬೆಳೆದ ಮೇಲೆ ಹೊಳೆದ ಮಾತು. ಆಗ ಹೆದರಿಕೆಯಾಗಿ ಸ್ವಲ್ಪ ಹೊತ್ತು ಬೇಲಿಯ ಕಡೆ ಹೋಗಿದ್ದು, ಮತ್ತೆ ಬಂದು ಅಲ್ಲೇ ಕೂತಳು. ಆಮೇಲೆ ಹೊಲದ ಕಡೆಯಿಂದ ಅಪ್ಪ ಬಂದ. ಏನೋ ಕೇಳಿದ. ಏನು ಕೇಳಿದನೆಂದು ಎಷ್ಟು ಹಿಂಡಿದರೂ ನೆನಪು ಕೊಡುವುದಿಲ್ಲ. ಇವಳು ಬೆರಳು ಚಾಚಿ ಹಗೇವಿನ ಬಾಯಿ ತೋರಿಸಿದಳು. ಅಪ್ಪ ಇಳಿದ. ಲೋಟ ಎಲ್ಲಿ ಎಂದು ಕೇಳಿರಬೇಕು, ಮತ್ತೇನು ಕೇಳುತ್ತಾನೆ? ಒಂದು ಲೋಟಕ್ಕೆ ಅಪ್ಪನನ್ನು ಇಳಿಸಿದೆ ಎಂಬ ಈ ಒಂದು ಮಾತನ್ನು ರಂಜಿತ ಯಾರ ಮುಂದೂ ಆಡದೆ, ಹೊಟ್ಟೆಯೊಳಗಿಟ್ಟುಕೊಂಡೇ ಓದಿದಳು, ಕೆಲಸಕ್ಕೆ ಸೇರಿದಳು, ಬಂದ ಗಂಡುಗಳನ್ನೆಲ್ಲ ಬೇಡವೆಂದಳು.

ಇವತ್ತು ಗೊತ್ತಾಗಬೇಕು. ಲೋಟ ತಳದಲ್ಲಿದ್ದರೆ ಅಪ್ಪ ಅದನ್ನು ಹುಡುಕಿಯೇ ಸತ್ತ ಎಂದಾಗುವುದಿಲ್ಲ, ಇಲ್ಲದಿದ್ದರೆ ಅಲ್ಲವೆಂದೂ ಆಗುವುದಿಲ್ಲ. ಪಾಠ ಹೇಳುವ ಬುದ್ಧಿಗೆ ಇದು ಚೆನ್ನಾಗಿಯೇ ತಿಳಿಯುತ್ತಿತ್ತು. ಆದರೂ ಮಣ್ಣು ಬೀಳುವ ಮೊದಲು ಯಾರಾದರೂ ಇಳಿದು ನೋಡಲಿ ಎಂದು ಅವಳ ಜೀವ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಕಾಲೇಜಿನ ಮಕ್ಕಳಿಗೆ ತೋರಿಸಲು ತಳದ ಹಳೇ ರಾಗಿ ಒಂದು ಹಿಡಿ ಬೇಕು ಚಿಕ್ಕಪ್ಪ, ಎಂದು ಸುಳ್ಳು ಹೇಳಿದ್ದಳು. ನಿನಗೆ ಓದು ಜಾಸ್ತಿಯಾಯಿತು ಎಂದು ಚಿಕ್ಕಪ್ಪ ನಕ್ಕಿದ್ದ. ಫಿಸಿಕ್ಸಿಗೂ ರಾಗಿಗೂ ಏನು ಸಂಬಂಧ ಎಂದು ಅವನು ಕೇಳದೆ ಹೋದದ್ದು ಅವಳ ಪುಣ್ಯ.

ತಮಿಳುನಾಡಿಗೆ ಸೇರಿದ ಈ ಕನ್ನಡದೂರಿನಿಂದ ಗಡಿ ದಾಟಿ ಚಾಮರಾಜನಗರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಅತಿಥಿ ಉಪನ್ಯಾಸಕಿ ಅವಳು. ಈರೋಡಿನಲ್ಲಿ ಓದುವಾಗ ಹಾಸ್ಟೆಲಿನವರು ಕನ್ನಡತ್ತಿ ಎಂದು ಕರೆಯುತ್ತಿದ್ದರು, ಇಲ್ಲಿ ಸ್ಟಾಫ್ ರೂಮಿನಲ್ಲಿ ತಮಿಳುನಾಡು ಮೇಡಂ. ನಿನ್ನೆ ಬೆಳಕಿನ ಪಾಠ ಮಾಡುತ್ತಾ ಮಾಡುತ್ತಾ ಅದು ಹೇಗೋ ಕಪ್ಪುಕುಳಿಗೆ ಬಂದು ನಿಂತಿತ್ತು. ಸಿಲಬಸ್ಸಿನಲ್ಲಿ ಇಲ್ಲದ್ದು. ಎಲ್ಲಿಂದ ಹೊರಟರೂ ತಾನು ಅಲ್ಲಿಗೇ ಹೋಗಿ ನಿಲ್ಲುತ್ತೇನೆಂದು ಅವಳಿಗೆ ಗೊತ್ತಿತ್ತು. ದೊಡ್ಡ ನಕ್ಷತ್ರವೊಂದು ತನ್ನ ಭಾರಕ್ಕೆ ತಾನೇ ಕುಸಿದು ಕುಸಿದು, ಬೆಳಕು ಕೂಡ ಹೊರಗೆ ಬರಲಾರದಷ್ಟು ಬಿಗಿಯಾಗಿಬಿಡುತ್ತದೆ ಎಂದಳು. ಅದರ ಸುತ್ತ ಒಂದು ಅಂಚು, ಘಟನಾ ದಿಗಂತ. ಅಂಚೆಂದರೆ ಗೋಡೆಯಲ್ಲ, ಬೇಲಿಯಲ್ಲ, ಅಲ್ಲಿ ಒಂದು ಗೆರೆಯೂ ಇಲ್ಲ. ಕುಳಿ ತಕ್ಕಷ್ಟು ದೊಡ್ಡದಾಗಿದ್ದರೆ ದಾಟುವವನಿಗೆ ದಾಟಿದ್ದೇ ತಿಳಿಯುವುದಿಲ್ಲ. ಹೊರಗೆ ನಿಂತು ನೋಡುವವರಿಗೆ ಅವನು ದಾಟಿದ್ದು ಯಾವತ್ತೂ ಕಾಣುವುದಿಲ್ಲ, ಅಂಚಿನ ಹತ್ತಿರ ಹೋದಷ್ಟೂ ನಿಧಾನವಾಗಿ, ಕೆಂಪಾಗಿ, ಮಂಕಾಗಿ, ಅಲ್ಲೇ ನಿಂತುಬಿಟ್ಟಂತೆ ಕಾಣುತ್ತಾನೆ. ಇದನ್ನು ಹೇಳುವಾಗ ಅವಳ ದನಿ ತಗ್ಗಿತು. ಅಪ್ಪನೂ ಹಾಗೇ ನಿಂತಿದ್ದ. ತಲೆ, ಎರಡು ಹೆಗಲು, ಬಾಯಿಯ ಕಲ್ಲನ್ನು ಹಿಡಿದ ಕೈ, ಅದರ ಮೇಲೆ ಹೊಲದ ಮಣ್ಣು. ಅದರಿಂದ ಕೆಳಕ್ಕೆ ಅವಳ ನೆನಪಿನಲ್ಲಿ ಅಪ್ಪ ಇಳಿದೇ ಇಲ್ಲ. ಆಮೇಲೆ ಯಾರೋ ಇವಳನ್ನು ಎತ್ತಿಕೊಂಡು ಓಡಿದ್ದರು. ಅವನನ್ನು ಮೇಲಕ್ಕೆತ್ತಿದ್ದನ್ನು, ವಿಭೂತಿ ಹಚ್ಚಿ ಹೊಲದ ಸಮಾಧಿಯಲ್ಲಿ ಕೂರಿಸಿ ಮಣ್ಣು ಮುಚ್ಚಿದ್ದನ್ನು ಅವಳು ನೋಡಲಿಲ್ಲ. ಒಂದು ಗುಂಡಿಯಿಂದ ಎತ್ತಿ ಇನ್ನೊಂದರಲ್ಲಿ ಕೂರಿಸಿದರು ಎಂಬುದು ಕೇಳಿ ತಿಳಿದದ್ದು.

ಕ್ಲಾಸಿನ ಅರ್ಚನ ಎಂಬ ಹುಡುಗಿ ಎದ್ದು, ಹಾಗಾದರೆ ಒಳಗೆ ಬಿದ್ದದ್ದನ್ನು ಜಗತ್ತು ಮರೆತುಬಿಡುತ್ತದಾ ಮಿಸ್, ಎಂದು ಕೇಳಿದ್ದಳು. ಇಂಥ ಪ್ರಶ್ನೆ ಕೇಳುವ ಮಕ್ಕಳನ್ನು ಕಂಡರೆ ರಂಜಿತನಿಗೆ ಪ್ರೀತಿ, ಜೊತೆಗೆ ಒಂದು ಸಿಟ್ಟೂ ಬರುತ್ತದೆ. ಜಗತ್ತು ಏನನ್ನೂ ಮರೆಯುವುದಿಲ್ಲ ಎಂಬುದು ಭೌತಶಾಸ್ತ್ರದ ಹಟ ಎಂದಳು. ಒಂದು ಪುಸ್ತಕ ಸುಟ್ಟರೂ ಅದರ ಬೂದಿ, ಹೊಗೆ, ಬೆಳಕು, ಕಾವು ಎಲ್ಲವನ್ನೂ ಒಂದು ಚೂರು ಬಿಡದೆ ಕೂಡಿಸಿದರೆ ಅಕ್ಷರ ಮತ್ತೆ ಓದಬಹುದು, ನಮ್ಮ ಕೈಯಲ್ಲಿ ಆಗದಿದ್ದರೂ ಲೆಕ್ಕದಲ್ಲಿ ಆಗುತ್ತದೆ. ಕಪ್ಪುಕುಳಿ ಈ ಹಟಕ್ಕೆ ಅಡ್ಡ ನಿಂತಿತು. ಅದೂ ಸಣ್ಣಗೆ ಕಾವು ಬಿಡುತ್ತಾ ಬಿಡುತ್ತಾ ಕರಗಿ ಒಂದು ದಿನ ಇಲ್ಲವಾಗುತ್ತದೆ, ಆ ಕಾವಿನಲ್ಲಿ ಒಳಗೆ ಬಿದ್ದದ್ದರ ಗುರುತು ಒಂದೂ ಇಲ್ಲ ಎಂದು ಮೊದಲು ಲೆಕ್ಕ ಹಾಕಿದರು. ಈಗ ಬಹಳ ಜನ ಇದೆ ಎನ್ನುತ್ತಾರೆ. ಒಂದೊಂದು ಕಣವನ್ನೇ ಹಿಡಿದು ನೋಡಿದರೆ ಅದು ಬರೀ ಕಾವು, ಅರ್ಥವಿಲ್ಲದ್ದು. ಅರ್ಧಕ್ಕಿಂತ ಹೆಚ್ಚು ಹೊರಗೆ ಬಂದ ಮೇಲೆ, ಹೊಸದಾಗಿ ಬಂದದ್ದನ್ನು ಹಿಂದೆ ಬಂದದ್ದರ ಪಕ್ಕ ಇಟ್ಟು ನೋಡಿದರೆ ಮಾತ್ರ ಅದು ಬಾಯಿ ಬಿಡುತ್ತದೆ. ಹೇಗೆ ಬರುತ್ತದೆಂದು ಕೊನೇ ಮಾತು ಹೇಳಿದವರು ಇನ್ನೂ ಇಲ್ಲ. ಅಷ್ಟು ಹೊತ್ತು ಯಾರು ಕಾಯ್ತಾರೆ ಮಿಸ್ ಎಂದು ಹಿಂದಿನ ಬೆಂಚಿನಿಂದ ಯಾರೋ ಹೇಳಿ, ಕ್ಲಾಸೆಲ್ಲ ನಕ್ಕು, ಅದೇ ಹೊತ್ತಿಗೆ ಬಾಗಿಲಲ್ಲಿ ವಿಭಾಗದ ಮುಖ್ಯಸ್ಥರು ನಿಂತಿದ್ದರು. ಮೊದಲು ಪೋರ್ಷನ್ ಮುಗಿಸಿ ಮೇಡಂ, ಆಕಾಶ ಎಲ್ಲಿಗೂ ಓಡಿಹೋಗಲ್ಲ, ಎಂದು ಮಕ್ಕಳ ಮುಂದೆಯೇ ಹೇಳಿ ಹೋದರು. ಕಿವಿಯೆಲ್ಲ ಕಾದಿತ್ತು. ಬಸ್ಸಿನಲ್ಲಿ ಮನೆ ಸೇರುವವರೆಗೂ ಏನೇನೋ ಉತ್ತರ ಹೊಳೆದವು.

ಶಿವಮಲ್ಲು ಚಪ್ಪಡಿ ಸರಿಸಿದ. ಒಂದು ಉಸಿರು ಹೊರಗೆ ಬಂತು. ಬೆಚ್ಚಗಿತ್ತು, ಹುಳಿಹುಳಿಯಾಗಿ, ಹಳೇ ಅಂಬಲಿಯ ವಾಸನೆ. ರಂಜಿತ ಅಂಗಳಕ್ಕೆ ಬಂದು ನಿಂತವಳು ಒಂದು ಹೆಜ್ಜೆ ಹಿಂದಿಟ್ಟಳು, ಆಮೇಲೆ ಎರಡು ಹೆಜ್ಜೆ ಮುಂದಿಟ್ಟಳು. ಬಾಯಿ ನೆನಪಿನಲ್ಲಿದ್ದಷ್ಟು ದೊಡ್ಡದಿರಲಿಲ್ಲ. ಇಷ್ಟೇನಾ? ಇಷ್ಟು ಕಿರಿದಾದ ಬಾಯಿ ತನ್ನ ಆಯುಷ್ಯವನ್ನೆಲ್ಲ ತಿಂದುಕೊಂಡು ಕೂತಿತ್ತೇ ಎಂದು ಅವಳಿಗೆ ಅವಮಾನವೆನ್ನಿಸಿತು. ಜಗಲಿಯ ಮೇಲೆ ಅವ್ವ ಶಿವನಂಜಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು, ಈ ಕಡೆ ಮುಖವನ್ನೇ ತಿರುಗಿಸಿರಲಿಲ್ಲ. ಅಪ್ಪ ಸತ್ತದ್ದರ ಬಗ್ಗೆ ಊರಿನಲ್ಲಿ ತಲೆಗೊಂದು ಮಾತು. ಅವಸರದ ಮನುಷ್ಯ ಎಂದರು ಕೆಲವರು, ಕುಡಿದಿದ್ದ ಎಂದರು ಕೆಲವರು, ಬೇಕೆಂದೇ ಇಳಿದ ಎಂದವರೂ ಇದ್ದಾರೆ. ಅವ್ವ ಮಾತ್ರ ಒಂದು ಸಲಕ್ಕೂ ತುಟಿ ಬಿಚ್ಚಿದವಳಲ್ಲ. ಮಗಳಿಗೆ ದಿನಾ ರಾಗಿಮುದ್ದೆ ಕಟ್ಟಿಕೊಟ್ಟು ತಾನು ಅನ್ನ ತಿನ್ನುತ್ತಾಳೆ, ರಾಗಿ ಮುಟ್ಟುವುದಿಲ್ಲ. ಚಳಿಯಲ್ಲಿ ಹಲ್ಲು ಕಟಕಟ ಎನ್ನುವಾಗಲೂ ಬಾಗಿಲು ಹಾಕಿ ಮಲಗಗೊಡುವುದಿಲ್ಲ. ಆನೆ ಊರೊಳಕ್ಕೆ ನುಗ್ಗಿದೆ ಎಂದು ಜೀರಹಳ್ಳಿ ಕಡೆಯ ಫಾರೆಸ್ಟಿನವರು ಬಂದು ಹೇಳಿ ಹೋದಾಗಲೂ ಚಿಲಕ ಹಾಕಲಿಲ್ಲ. ಡಬ್ಬಿ, ಡ್ರಮ್ಮು, ಟ್ರಂಕು ಏನು ತೆಗೆದರೂ ಮುಚ್ಚಳ ತೆಗೆದಿಟ್ಟು ದೂರ ನಿಂತು, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕುತ್ತಾಳೆ. ಮಾತನಾಡುತ್ತಾ ಇದ್ದಕ್ಕಿದ್ದಂತೆ ಹೆಸರುಗಳು ಮರೆತು ಸುಮ್ಮನೆ ನಿಲ್ಲುತ್ತಾಳೆ. ಇದೆಲ್ಲ ತನ್ನ ಮೇಲಿನ ಸಿಟ್ಟು ಎಂದು ರಂಜಿತ ತೀರ್ಮಾನಿಸಿದ್ದಳು. ಲೋಟದ ವಿಷಯ ಅವ್ವನಿಗೆ ಗೊತ್ತು, ಗೊತ್ತಿದ್ದೂ ಬೈಯದೆ, ಮುದ್ದೆಯ ತಟ್ಟೆಯನ್ನು ಮುಂದಿಟ್ಟು ದಿನಾ ತಿಳಿಸುತ್ತಿದ್ದಾಳೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶಿವಮಲ್ಲು ಲಾಟೀನಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ಎಲ್ಲರೂ ಬಗ್ಗಿ ನೋಡಿದರು. ದೀಪ ಉರಿಯುತ್ತಿತ್ತು. ಹಗ್ಗ ಮುಗಿಯಿತು, ದೀಪ ಅಲ್ಲೇ ತೂಗುತ್ತಾ ಹಳದಿಯಾಗಿ ಉರಿಯಿತು, ಸುತ್ತಲ ಗೋಡೆಯ ಮೆತ್ತಿದ ಮಣ್ಣು ಕಾಣಿಸಿತು. ಗಾಳಿ ಸರಿಯಾಗೇ ಅದೆ ಕಣಣ್ಣ, ಇಳಿದುಬಿಡ್ತೀನಿ, ಟ್ರ್ಯಾಕ್ಟರು ಬರುವುದರೊಳಗೆ ಒಂದು ಹಿಡಿ ರಾಗಿ ತಂದುಕೊಡ್ತೀನಿ ಎಂದು ಶಿವಮಲ್ಲು ಪಂಚೆ ಎತ್ತಿ ಕಟ್ಟಿದ. ಚಿಕ್ಕಪ್ಪ ಹೂಂ ಎಂದ. ವಿಷಗಾಳಿ ನಾವು ಉಸಿರಾಡುವ ಗಾಳಿಗಿಂತ ಭಾರ, ಹೊಂಡದಲ್ಲಿ ನೀರಿನ ಹಾಗೆ ತಳದಲ್ಲಿ ಕೂರುತ್ತದೆ, ಮೇಲೆ ದೀಪ ಉರಿಯಿತೆಂದರೆ ಕೆಳಗಿನದು ಏನೂ ತಿಳಿದ ಹಾಗಲ್ಲ. ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಇದನ್ನು ಪಾಠ ಮಾಡುವವಳು ರಂಜಿತ. ಅವಳ ಬಾಯಿ ತೆರೆಯಿತು. ಮಾತು ಬರಲಿಲ್ಲ. ದೀಪ ಉರಿಯುತ್ತಿದೆಯಲ್ಲ ಎಂದುಕೊಂಡಳು. ಉರಿಯಲಿ, ಇಳಿಯಲಿ, ಒಂದು ಸಲ ನೋಡಿ ಬರಲಿ. ಶಿವಮಲ್ಲು ಕಾಲು ಒಳಗಿಟ್ಟ, ಕಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದ, ಈಗ ತಲೆ ಮತ್ತು ಹೆಗಲು ಮಾತ್ರ ಕಾಣುತ್ತಿತ್ತು. ಆ ಗಳಿಗೆಯಲ್ಲಿ ಹಿಂದಿನಿಂದ ಅವರೆಕಾಯಿಯ ಮೊರ ನೆಲಕ್ಕೆ ಬಿದ್ದ ಸದ್ದಾಯಿತು. ಎಂದೂ ಈ ಕಡೆ ಸುಳಿಯದ ಅವ್ವ ಬಂದು ಶಿವಮಲ್ಲುವಿನ ರಟ್ಟೆ ಹಿಡಿದುಕೊಂಡಿದ್ದಳು.

"ಅಗ್ಗ ಸಾಲ್ದು ಕಣ್ಲಾ. ಬಾಯ್ತಾವು ಉರುದ್ರೆ ಏನ್ ಬಂತು? ಮೇಲಕ್ ಬಾ. ಇನ್ನೊಂದ್ ಅಗ್ಗ ಕಟ್ಟಿ ತಳುಕ್ ಬುಡು."

ಅವಳ ದನಿಗೆ ಹೆದರಿ ಶಿವಮಲ್ಲು ಮೇಲೆ ಬಂದ. ಚಿಕ್ಕಪ್ಪ ಮರುಮಾತಾಡದೆ ಹಸುವಿನ ಹಗ್ಗ ಬಿಚ್ಚಿ ತಂದು ಗಂಟು ಹಾಕಿದ. ದೀಪ ಮತ್ತೆ ಇಳಿಯಿತು. ಮೊದಲು ನಿಂತಿದ್ದ ಕಡೆ ಹಾಗೇ ಉರಿಯಿತು, ಅದರಿಂದ ಸ್ವಲ್ಪ ಕೆಳಗೆ ಕುಡಿ ಸಣ್ಣದಾಯಿತು, ಕೆಂಪಾಯಿತು, ಇನ್ನೂ ಒಂದು ಮೊಳ ಬಿಟ್ಟಾಗ ಆರಿತು. ಯಾರೂ ಊದಲಿಲ್ಲ, ಗಾಳಿ ಬೀಸಲಿಲ್ಲ. ಶಿವಮಲ್ಲು ಕಲ್ಲಿನ ಮೇಲೆ ಕೂತುಬಿಟ್ಟ. ತನ್ನ ಒಂದು ಸುಳ್ಳಿಗೆ, ತನ್ನ ಒಂದು ಲೋಟಕ್ಕೆ, ಇನ್ನೊಬ್ಬ ಮನುಷ್ಯ ಹೋಗುತ್ತಿದ್ದ. ನಾನು ನೋಡುತ್ತಾ ನಿಂತಿದ್ದೆ. ಗೊತ್ತಿದ್ದೂ ನಿಂತಿದ್ದೆ. ಈ ನಾಚಿಕೆಯ ಹಿಂದೆಯೇ ಇನ್ನೊಂದು ಎದ್ದು ಬಂತು. ಹಗ್ಗ ಸಾಲದು ಎಂದು ಅವ್ವನಿಗೆ ಹೇಗೆ ಗೊತ್ತಾಯಿತು? ಅವಳು ಬಗ್ಗಿಯೂ ನೋಡಿರಲಿಲ್ಲ. ಹಗೇವು ಎಷ್ಟು ಆಳ, ಎಷ್ಟು ಹಗ್ಗ ಬೇಕು ಎಂಬುದು ಗಂಡಸರ ಲೆಕ್ಕ, ಹೆಂಗಸರು ಅದರೊಳಗೆ ಇಳಿಯುತ್ತಿರಲಿಲ್ಲ.

ಚಿಕ್ಕಪ್ಪ ಟ್ರ್ಯಾಕ್ಟರಿಗೆ ಫೋನು ಮಾಡಲು ಸಿಗ್ನಲ್ ಸಿಗುವ ಕಡೆ ಹೋದ. ಶಿವಮಲ್ಲು ನೀರು ಕುಡಿಯಲು ಹಿತ್ತಲಿಗೆ ಹೋದ. ಅವ್ವ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು, ಚೆಲ್ಲಿದ ಅವರೆಕಾಯಿ ಹಾಗೇ ಬಿದ್ದಿತ್ತು. ರಂಜಿತ ಕೆಳಗಿನ ಮೆಟ್ಟಿಲ ಮೇಲೆ ಕೂತು, ಅದು ನಿಂಗೆಂಗೆ ಗೊತ್ತವ್ವ, ಎಂದಳು. ಅವ್ವ ಸೊನೆ ಹತ್ತಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದಳು. ಯಾವುದೋ ಹೆಸರು ಮರೆತಿರಬೇಕು ಎಂದುಕೊಂಡಳು ರಂಜಿತ.

"ನಿಮ್ಮಪ್ಪಗಿಂತ ಮುಂಚೆ ನಾ ಇಳ್ದಿದ್ದೆ ಕಣವ್ವ."

ಅಂಗಳದಲ್ಲಿ ಕೋಳಿ ಕೆದಕುತ್ತಿತ್ತು. ರಂಜಿತನಿಗೆ ಕೋಳಿಯ ಕಾಲಿನ ಒಂದೊಂದು ಉಗುರೂ ಕಾಣಿಸಿತು. ಅವ್ವ ತಡೆದು ತಡೆದು, ಹಿಂದೆ ಮುಂದೆ ಮಾಡುತ್ತಾ ಹೇಳಿದಳು. ಕುಯ್ಲಿನ ದಿನ, ಹೊಲದಲ್ಲಿ ಆಳುಗಳಿದ್ದರು, ಮನೆಯಲ್ಲಿ ಹಿಟ್ಟು ಮುಗಿದಿತ್ತು. ಹಗೇವಿನ ಬಾಯಿ ಬೆಳಿಗ್ಗೆಯಷ್ಟೇ ತೆಗೆದದ್ದು, ಸಂಜೆಗೆ ಗಂಡಸರು ಬಂದು ಇಳಿಯಬೇಕು. ಅಷ್ಟರೊಳಗೆ ಆಳುಗಳಿಗೆ ಮುದ್ದೆಯಾಗಬೇಕು. ಸೊಸೆಗೆ ಹಸಿದ ಆಳುಗಳ ಎದುರು ಬರಿಗೈಯಲ್ಲಿ ನಿಲ್ಲುವುದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ತಾನೇ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದಳು. ಉರಿಯಿತು. ಹಗ್ಗ ಗಿಡ್ಡ ಎಂಬುದು ಹೊಳೆಯಲಿಲ್ಲ. ಕೂಸು ಬೇಲಿಯ ಕಡೆ ಹೋಗಿದ್ದ ಹೊತ್ತು ಅದು. ಸಣಕಲು ಮೈ, ಸುಲಭವಾಗಿ ಇಳಿದಳು.

ಒಳಗೆ ಹೇಗಿತ್ತವ್ವ, ಎಂದು ರಂಜಿತ ಕೇಳಿದಳು. ಇಷ್ಟು ವರ್ಷ ಓದಿದ್ದರಲ್ಲಿ, ಹೇಳಿಕೊಟ್ಟದ್ದರಲ್ಲಿ, ಇಷ್ಟು ನಿಜವಾಗಿ ಒಂದು ಪ್ರಶ್ನೆಯನ್ನು ತಾನು ಯಾರನ್ನೂ ಕೇಳಿರಲಿಲ್ಲ ಎನ್ನಿಸಿತು.

"ಏನೂ ಗೊತ್ತಾಗ್ನಿಲ್ಲ. ಬಾಯಿ ದಾಟ್ದಾಗ್ಲೂ ಗೊತ್ತಾಗ್ನಿಲ್ಲ, ತಳ ಮುಟ್ದಾಗ್ಲೂ ಗೊತ್ತಾಗ್ನಿಲ್ಲ. ಮಂಕ್ರಿಗೆ ರಾಗಿ ಬಾಚ್ಕಂತಿದ್ದೆ, ನಿದ್ದೆ ಬಂತು. ಇತವಾಗಿತ್ತು."

ದಾಟುವವನಿಗೆ ದಾಟಿದ್ದು ತಿಳಿಯುವುದಿಲ್ಲ. ಪುಸ್ತಕದಲ್ಲಿ ಗಣಿತವಾಗಿ ಓದಿದ್ದ ಸಾಲು. ಇಲ್ಲಿ, ಅವರೆಕಾಯಿ ಸೊನೆ ಹತ್ತಿದ ಕೈಯ ಒಬ್ಬ ಹೆಂಗಸು ಅಂಚಿನ ಆ ಕಡೆ ಹೋಗಿ, ಅಲ್ಲಿ ನಿದ್ದೆ ಮಾಡಿ, ಈ ಕಡೆ ಬಂದು, ತನಗೆ ತಲೆ ಬಾಚಿ ಶಾಲೆಗೆ ಕಳಿಸಿದ್ದಳು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇದ್ದು ತಾನು ನೋಡಿರಲಿಲ್ಲ. ಹಾಕದ ಚಿಲಕ, ತೆರೆದಿಟ್ಟು ದೂರ ನಿಲ್ಲುವ ಡಬ್ಬಿ, ಬಾಯಿಗೆ ಬಂದು ಮರೆತ ಹೆಸರುಗಳು, ತಿನ್ನದ ರಾಗಿ, ಒಂದೊಂದೇ ಬಂದಾಗ ಬರೀ ಸಿಟ್ಟಾಗಿ, ಬರೀ ಹುಚ್ಚಾಗಿ ಕಂಡದ್ದು, ಇವತ್ತಿನ ಒಂದು ಮಾತಿನ ಪಕ್ಕ ಸಾಲಾಗಿ ಬಂದು ಕೂತವು. ವರ್ಷಗಳಿಂದ ಅವ್ವ ಹೇಳುತ್ತಲೇ ಇದ್ದಳು. ಒಂದು ದಿನವೂ ನಿಲ್ಲಿಸಿರಲಿಲ್ಲ. ಓದುವವಳು ಅರ್ಧದಲ್ಲೇ ಅರ್ಥ ಕಟ್ಟಿಕೊಂಡು ಕೂತಿದ್ದಳು, ಅಷ್ಟೆ. ನಿನ್ನೆ ಹಿಂದಿನ ಬೆಂಚಿನವರು ನಕ್ಕದ್ದು ನೆನಪಾಯಿತು. ಅಷ್ಟು ಹೊತ್ತು ಯಾರಾದರೂ ಕಾಯುತ್ತಾರೆ, ಕಾಯುತ್ತಿದ್ದೇವೆಂದು ತಿಳಿಯದೆಯೇ ಕಾಯುತ್ತಾರೆ ಎಂದು ಅವಳಿಗೆ ಹೇಳಬೇಕೆನ್ನಿಸಿತು. ಯಾರಿಗೆ ಹೇಳುವುದು? ತಲೆಯ ಮೇಲೆ ಬೆಟ್ಟದ ಬಿಸಿಲು, ನೀಲಿ ಆಕಾಶ, ಅದರ ಆಚೆ ಕಾಣದ ಎಷ್ಟೋ ಅಂಚುಗಳು, ಯಾವುದೂ ಏನನ್ನೂ ನುಂಗಿ ಮರೆತಿಲ್ಲವೆಂದಾದರೆ! ಅವಳಿಗೆ ಅಳು ಬರಲಿಲ್ಲ. ದೊಡ್ಡ ದೇವಸ್ಥಾನದ ಒಳಗೆ ಬರಿಗಾಲಲ್ಲಿ ಹೆಜ್ಜೆಯಿಟ್ಟವರ ಹಾಗೆ ಮೈಯೆಲ್ಲ ಸುಮ್ಮನಾಯಿತು.

ಅವ್ವ ನಿಲ್ಲಿಸಿರಲಿಲ್ಲ. ಎದುರು ಮನೆಯ ಪುಟ್ಟಮಾದಮ್ಮ ಆಗ ತನ್ನ ಜಗಲಿಯಲ್ಲಿ ಕೂತಿದ್ದಳಂತೆ. ಮುದುಕಿ ಸತ್ತು ಎಷ್ಟೋ ಕಾಲವಾಯಿತು. ಅಪ್ಪ ನೀರು ಕುಡಿಯಲು ಹೊಲದಿಂದ ಬಂದದ್ದನ್ನು ಅವಳೇ ನೋಡಿದ್ದು.

"ಅವ್ವ ಎಲ್ಲಿ ಕೂಸೇ ಅಂತ ನಿನ್ನ ಕೇಳುದ್ರಂತೆ. ನೀ ಬೊಟ್ಟು ಮಾಡಿ ಅಗೇವು ತೋರುಸ್ದಂತೆ. ಅಷ್ಟೆ, ದೀಪ ಗೀಪ ಏನೂ ನೋಡ್ನಿಲ್ಲ ಅವ್ರು."

ಅವ್ವ ಎಲ್ಲಿ. ಅಪ್ಪ ಕೇಳಿದ್ದು ಅದು. ಬೆರಳು ಇವಳಲ್ಲಿ ಉಳಿದಿತ್ತು, ಪ್ರಶ್ನೆ ಅವ್ವನಲ್ಲಿ ಉಳಿದಿತ್ತು, ಒಂದೇ ಸೂರಿನಡಿ ಎರಡೂ ಒಂದನ್ನೊಂದು ಮುಟ್ಟದೆ ಕಾದಿದ್ದವು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಅವ್ವ ಮೊದಲು ತಾತನ ಹೆಸರು ಹೇಳಿದಳು. ಹೆಂಡತಿಯನ್ನು ಎತ್ತಲು ಹೋಗಿ ಸತ್ತ ಎಂದರೆ ಊರು ಸೊಸೆಯನ್ನು ಬದುಕಗೊಡುವುದಿಲ್ಲ, ಗಂಡನನ್ನು ತಿಂದುಕೊಂಡವಳು ಎನ್ನುತ್ತದೆ, ಈ ಮಾತು ಅಂಗಳ ದಾಟಬಾರದು ಎಂದು ತಾತ ಜಡೇಸ್ವಾಮಿ ಎಲ್ಲರ ಬಾಯಿ ಕಟ್ಟಿದ್ದ. ಚಿಕ್ಕಪ್ಪನಿಗೂ ಗೊತ್ತು. ತಾತ ಹೋದ ಮೇಲಾದರೂ ನನಗೆ ಹೇಳಬಹುದಿತ್ತಲ್ಲ ಎಂದಳು ರಂಜಿತ.

"ಎಂಗೇಳ್ಲವ್ವ? ನಿನ್ ಬೊಟ್ಟು ನೋಡಿ ನಿಮ್ಮಪ್ಪ ಇಳ್ದ್ರು ಅಂತ ಎಳೇ ಕೂಸ್ಗೆ ಏಳ್ಬೇಕಿತ್ತಾ? ನಿಂಗೆ ಅದು ನೆಪ್ಪಿಲ್ಲ ಅಂತ್ಲೇ ನಾ ಸುಮ್ನಿದ್ದೆ. ಆ ಬೊಟ್ಟಿಲ್ದಿದ್ರೆ ನಾ ಅಲ್ಲೇ ಇರ್ತಿದ್ದೆ."

ನೆನಪಿದೆ ಅವ್ವ, ಎಂದಳು. ಅದೊಂದೇ ನೆನಪಿರುವುದು. ಆಮೇಲೆ ಲೋಟದ ಕಥೆಯನ್ನು, ಹೇಳಲು ಬಾರದ ಭಾಷೆಯಲ್ಲಿ ಹೇಳುವ ಹಾಗೆ, ತಪ್ಪು ತಪ್ಪಾಗಿ ಹೇಳಿದಳು. ಅವ್ವ ಕಣ್ಣು ಕಿರಿದು ಮಾಡಿ ಕೇಳಿದಳು. ಯಾವ ಲೋಟ ಕೂಸೇ ಎಂದಳು. ಅವಳಿಗೆ ಅಂಥ ಒಂದು ಲೋಟವೇ ಗೊತ್ತಿರಲಿಲ್ಲ, ಮನೆಯಲ್ಲಿ ಯಾರೂ ಅದನ್ನು ಹುಡುಕಿರಲೂ ಇಲ್ಲ. ರಂಜಿತನಿಗೆ ನಗು ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪನನ್ನು ಕಳಿಸಿದ ಬೆರಳೂ ಅದೇ, ಅವ್ವನನ್ನು ತಂದ ಬೆರಳೂ ಅದೇ. ಒಂದನ್ನು ಒರೆಸಿ ಇನ್ನೊಂದನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ.

ಊರಾಚೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಚಿಕ್ಕಪ್ಪ ಬಂದು ಇಬ್ಬರ ಮುಖ ನೋಡಿದ, ಏನಾಗಿದೆ ಎಂದು ಅವನಿಗೆ ತಿಳಿದಂತಿತ್ತು. ನೆಲ ನೋಡುತ್ತಾ, ನಾಳೆ ಗಾಳಿಯಾಡಿದ ಮೇಲೆ ಇಳಿಸಿ ರಾಗಿ ತೆಗೆಸಿಕೊಡಲೇನವ್ವ, ಮಣ್ಣು ನಾಳೆಗೆ ಹಾಕಿಸೋಣ ಎಂದ. ಬೇಡ ಚಿಕ್ಕಪ್ಪ, ತುಂಬಿಸಿಬಿಡಿ, ನನಗೇನೂ ಬೇಕಾಗಿರಲಿಲ್ಲ ಎಂದಳು ರಂಜಿತ. ಅವನು ಹೋದ ಮೇಲೆ ಅವ್ವ ಇನ್ನೂ ಏನೋ ಇದ್ದವಳ ಹಾಗೆ ಕೂತಿದ್ದಳು. ಬಾಯಿ ತೆರೆದಳು, ಮುಚ್ಚಿದಳು. ಈ ಸಲ ಹೆಸರು ಮರೆತದ್ದಲ್ಲ ಎಂದು ರಂಜಿತನಿಗೆ ಗೊತ್ತಾಯಿತು, ಕಾದಳು.

ಅಪ್ಪ ಉಸಿರು ಬಿಗಿಹಿಡಿದು ಇಳಿದು, ಅವ್ವನ ಸೊಂಟ ಹಿಡಿದು ಎತ್ತಿದ್ದನಂತೆ. ಪುಟ್ಟಮಾದಮ್ಮನ ಕೂಗಿಗೆ ಓಡಿಬಂದ ಮನೆಯವರು ಮೇಲಿನಿಂದ ಕೈ ಹಿಡಿದರು. ಮುಖಕ್ಕೆ ಹೊರಗಿನ ಗಾಳಿ ತಗುಲಿ ಅರೆ ಎಚ್ಚರವಾಯಿತು. ಎಲ್ಲಿದ್ದೇನೆ, ಯಾರು ಹಿಡಿದಿದ್ದಾರೆ, ಒಂದೂ ಗೊತ್ತಾಗಲಿಲ್ಲ, ಕಾಲು ಬಡಿದಳು. ಕಾಲಿಗೆ ಏನೋ ಗಟ್ಟಿಯಾದದ್ದು ಸಿಕ್ಕಿತು.

"ಒದ್ದುಬುಟ್ಟು ಮೇಲಕ್ ಬಂದೆ. ಅದು ಅವ್ರ ಎಗಲು. ಒದ್ದುದ್ಕೇ ಬಿದ್ರೋ, ಉಸಿರು ಕಟ್ಟಿ ಬಿದ್ರೋ, ಆ ಶಿವ್ನೇ ಬಲ್ಲ. ಕಟ್ಕಂಡ ಗಂಡನ ಮ್ಯಾಲೆ ಕಾಲಿಟ್ಟು ಬಂದೋಳು ಕಣವ್ವ ನಾನು."

ಟ್ರ್ಯಾಕ್ಟರು ಅಂಗಳಕ್ಕೆ ಹಿಮ್ಮುಖವಾಗಿ ಬಂದು ನಿಂತಿತು. ಡ್ರೈವರು ಇನ್ನೂ ಹಿಂದಕ್ಕೆ ಬರಲೇ ಎಂದು ತಮಿಳಿನಲ್ಲಿ ಕೂಗಿ ಕೇಳುತ್ತಿದ್ದ. ಮಣ್ಣು ಮೊದಲು ಸಣ್ಣಗೆ ಜಾರಿ, ಆಮೇಲೆ ಒಟ್ಟಿಗೆ ಇಳಿಯಿತು. ಇಬ್ಬರೂ ಆ ಕಡೆ ನೋಡಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ರಂಜಿತನ ಮುಖದ ಹತ್ತಿರ ಜಗಲಿಯಿಂದ ಇಳಿಬಿಟ್ಟ ಅವ್ವನ ಕಾಲುಗಳಿದ್ದವು. ಒಡೆದ ಹಿಮ್ಮಡಿ, ಸವೆದ ಉಗುರು, ಬೆರಳ ಸಂದಿಯಲ್ಲಿ ಬೆಳಗಿನ ಕೊಟ್ಟಿಗೆಯ ಮಣ್ಣು. ಜಗತ್ತಿನಲ್ಲಿ ಅಪ್ಪ ಕೊನೆಗೆ ಮುಟ್ಟಿದ್ದು ಇದನ್ನು. ಅವಳು ಒಂದು ಪಾದವನ್ನು ಎತ್ತಿ ತನ್ನ ಹೆಗಲ ಮೇಲಿಟ್ಟುಕೊಂಡಳು, ಅಂಗಾಲು ಅಲ್ಲೇ ಒತ್ತಿ ಕೂರುವಂತೆ ಎರಡೂ ಕೈಯಲ್ಲಿ ಹಿಡಿದಳು. ಶಿವನಂಜಮ್ಮ ಗಾಬರಿಯಾಗಿ ಕಾಲು ಎಳೆದುಕೊಳ್ಳಲು ನೋಡಿದಳು.

"ಮಣ್ಣಾಗ್ಯದೆ, ಬುಡು ಕೂಸೇ."

ರಂಜಿತ ಬಿಡಲಿಲ್ಲ.